ಮುಚ್ಚಳ ಹಾಕಿದ ದುರ್ಬೀನು

"ಚೆನ್ನಾಗಿದೆ ಬೇಟಿ, ಫ್ರೇಮ್ ಹಾಕ್ಸಿ ಗೋಡೆಗೆ ತೂಗಾಕು" ಎಂದು ಮೆಹಬೂಬ್ ಪಾಷಾ ಅಂದದ್ದು ಹೋದ ವರ್ಷ. ಒಂದು ವರ್ಷ ಪೂರ್ತಿ ಸುಮ್ಮನಿದ್ದ ಮಾತು ಇವತ್ತು ಸಹರಿಗೆ, ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಎದ್ದು ರೊಟ್ಟಿ ಮುರಿಯುವಾಗ ಅಸ್ಮಾಳ ಗಂಟಲಲ್ಲಿ ತುಣುಕಿನ ಹಾಗೆ ಸಿಕ್ಕಿಕೊಂಡಿತು. ಕಾಲೇಜಿಗೆ ಹೊರಟಾಗಲೂ, ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ಸಿಗೆ ನಿಂತಾಗಲೂ ಅದು ಇಳಿಯಲಿಲ್ಲ. ಇವತ್ತು ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸ. ಸಂಜೆ ಚಂದ್ರ ಕಂಡರೆ ನಾಳೆ ಈದ್, ಕಾಣದಿದ್ದರೆ ಮೂವತ್ತನೆಯದೂ ಹಿಡಿಯಬೇಕು. ಹೋದ ವರ್ಷ ಇದೇ ಸಂಜೆ ತನ್ನ ದುರ್ಬೀನಿಗೆ ಕ್ಯಾಮೆರಾ ಕಟ್ಟಿ ಅವಳು ಹಿಡಿದ ಚಂದ್ರನ ಚಿತ್ರವನ್ನು ಗಂಡ ಸುಫಿಯಾನ್ ಹೆಮ್ಮೆಯಿಂದ ಮಸೀದಿ ಕಮಿಟಿಯ ಹಿರಿಯರಾದ ಪಾಷಾ ಅವರಿಗೆ ತೋರಿಸಿದ್ದ. ಅವರು ಫೋನನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಫ್ರೇಮಿನ ಮಾತು ಹೇಳಿ, ಫೋನನ್ನು ವಾಪಸು ಕೊಟ್ಟದ್ದು ಸುಫಿಯಾನನ ಕೈಗೆ. ಪಕ್ಕದಲ್ಲೇ ನಿಂತಿದ್ದ ಅವಳ ಕೈ ಮುಂದೆ ಚಾಚಿದ್ದು ಹಾಗೇ ಗಾಳಿಯಲ್ಲಿ ಉಳಿದು, ಆಮೇಲೆ ಸೆರಗು ಸರಿಮಾಡುವ ನೆಪ ಹೂಡಿ ಹಿಂದೆ ಬಂದಿತ್ತು. ಚಂದ್ರ ಕಂಡದ್ದಕ್ಕೆ ಸಾಕ್ಷಿ ಎಂದು ಮಸೀದಿಯ ಪುಸ್ತಕದಲ್ಲಿ ಬರೆದುಕೊಂಡದ್ದು ವೆಲ್ಡಿಂಗ್ ಅಂಗಡಿಯ ಇಬ್ಬರು ಗಂಡಸರನ್ನು. ಆ ಇಬ್ಬರಿಗೂ ಪಶ್ಚಿಮದಲ್ಲಿ ಎಲ್ಲಿ ನೋಡಬೇಕು, ಎಷ್ಟು ಹೊತ್ತಿಗೆ ನೋಡಬೇಕು ಎಂದು ಗೊತ್ತಾದದ್ದು ಮಸೀದಿಯ ಮೈಕಿನಲ್ಲಿ "ತಜ್ಞರ ಪ್ರಕಾರ" ಎಂದು ಓದಿದ ಚೀಟಿಯಿಂದ. ಆ ಚೀಟಿ ಅಸ್ಮಾಳ ಅಕ್ಷರದ್ದು. ಆರು ವರ್ಷದಿಂದ ಅವಳೇ ತಜ್ಞರು. ಆ ಬಹುವಚನದೊಳಗೆ ತನ್ನನ್ನು ಯಾವಾಗ ಹೂತರು ಎಂದು ಅವಳಿಗೆ ಗೊತ್ತಾಗಲೇ ಇಲ್ಲ.

ಯಲಹಂಕದ ಪಿಯು ಕಾಲೇಜಿನಲ್ಲಿ ಅವಳು ಹದಿಮೂರು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದಳು. ಸ್ಟಾಫ್‌ರೂಮಿನಲ್ಲಿ ಗಣಿತದ ಯೋಗಾನಂದ ಅವಳ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದ. ಹುಣಸಮಾರನಹಳ್ಳಿಯವನು. ತಾತನ ಹೊಲ ಲೇಔಟಾದ ಮೇಲೆ ಅವಳ ದುರ್ಬೀನಿಗಿಂತ ನಾಲ್ಕು ಪಟ್ಟು ದೊಡ್ಡದನ್ನು ತಂದು ಮನೆಯ ಮೇಲೆ ನಿಲ್ಲಿಸಿದ್ದ. ಒಳ್ಳೆಯವನೇ. ಅವನ ಒಳ್ಳೆಯತನ ಅವಳಿಗೆ ಸ್ವಲ್ಪ ಬಿಗಿಯಾದ ಚಪ್ಪಲಿಯ ಹಾಗೆ. "ಮೇಡಂ, ನೀವಿನ್ನೂ ಹಳೇ ವರ್ಷನ್ನಲ್ಲೇ ಇದೀರಲ್ಲ, ಎತ್ತಿನ ಗಾಡಿ ಅದು. ಹೊಸದು ಬಿಟ್ಟವ್ರೆ, ಸಖತ್ತಾಗಿದೆ ಕಣ್ರೀ" ಎಂದು ತಾನೇ ಇಳಿಸಿಕೊಟ್ಟ. ಆಕಾಶದ ಚಿತ್ರಗಳನ್ನು ಹದಮಾಡುವ ತಂತ್ರಾಂಶ ಅದು. ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಪ್ರತಿಯೊಂದರಲ್ಲೂ ಕಣ್ಣಿಗೆ ಬೀಳದಷ್ಟು ಮಂಕಾದದ್ದನ್ನು ಒಟ್ಟುಗೂಡಿಸಿ ಮೇಲಕ್ಕೆ ತರುತ್ತದೆ. ಹೊಸದರಲ್ಲಿ ಏನೇನೋ ಬಂದಿತ್ತು. ವಿಮಾನದ ಗೆರೆ ತಾನೇ ಅಳಿಸುತ್ತದೆ, ಊರಿನ ದೀಪದ ಮಬ್ಬು ತೊಳೆಯುತ್ತದೆ, ಕದಲಿದ್ದನ್ನು ನೆಟ್ಟಗೆ ಮಾಡುತ್ತದೆ. ಕೊನೆಗೆ ಆಯ್ಕೆಯ ಹತ್ತು ಹನ್ನೆರಡು ಸಣ್ಣ ಚೌಕಗಳ ಪಟ್ಟಿ, ಎಲ್ಲದರಲ್ಲೂ ಮೊದಲೇ ಹಾಕಿಟ್ಟ ಸರಿ ಗುರುತು. ಓದಬೇಕು ಅಂದುಕೊಂಡಳು. ಅಷ್ಟರಲ್ಲಿ ಗಂಟೆ ಹೊಡೆಯಿತು. "ಎಲ್ಲಾ ಇರ್ಲಿ ಬಿಡಿ ಮೇಡಂ, ಅವ್ರು ಯೋಚ್ನೆ ಮಾಡೇ ಇಟ್ಟಿರ್ತಾರೆ" ಎಂದ ಯೋಗಾನಂದ. ಒಪ್ಪಿಗೆ ಒತ್ತಿ ಎದ್ದಳು. ಸೂಚನೆ ಓದದೆ ಉಪಕರಣ ಮುಟ್ಟಿದ ಹುಡುಗಿಯರಿಗೆ ಪ್ರಾಕ್ಟಿಕಲ್‌ನಲ್ಲಿ ಅಂಕ ಕತ್ತರಿಸುವವಳು ಅವಳು.

ಆರು ಗಂಟೆಗೆ ತಾರಸಿಯಲ್ಲಿ ನಿಂತಾಗ ಪಶ್ಚಿಮದ ಅಂಚಿನಲ್ಲಿ ಹೊಗೆಬಣ್ಣದ ಪಟ್ಟಿಯೊಂದು ಮಲಗಿತ್ತು. ಮೋಡವೋ, ವಿಮಾನ ನಿಲ್ದಾಣದ ರಸ್ತೆಯ ಕಾಮಗಾರಿಯ ಧೂಳೋ. ಹಿಂದೆ ಹೆಂಚಿನ ಮನೆಗಳ ಮೇಲೆ ಆಕಾಶ ಇಳಿದು ಬರುತ್ತಿದ್ದ ಕಡೆ ಈಗ ಐದಂತಸ್ತಿನ ಪೀಜಿಗಳು. ಅವುಗಳ ನೀರಿನ ಟ್ಯಾಂಕುಗಳ ನಡುವೆ ಅಂಗೈ ಅಗಲದ ಸಂದು ಒಂದೇ ಉಳಿದಿತ್ತು. ಆ ಸಂದಿಗೆ ದುರ್ಬೀನನ್ನು ಗುರಿ ಹಿಡಿದಳು. ಅತ್ತೆ ಅಕ್ಬರಿ ಮೆಟ್ಟಿಲಿನ ಮೇಲೆ ಒಂದೊಂದೇ ಕಾಲಿಟ್ಟು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು, ಮಡಿಲಲ್ಲಿ ಖರ್ಜೂರದ ತಟ್ಟೆ. ಎಡಗಣ್ಣಿನ ಪೊರೆ ತೆಗೆಸಿ ಆಗಿತ್ತು, ಬಲಗಣ್ಣಿನದು ಬಾಕಿ. ಅಜಾನ್ ಕೇಳಿದಾಗ ಅತ್ತೆ ಒಂದು ಖರ್ಜೂರವನ್ನು ಸೊಸೆಯ ಬಾಯಿಗೇ ಇಟ್ಟರು, ಅವಳ ಕೈ ಕ್ಯಾಮೆರಾದ ಮೇಲಿತ್ತು. ಆ ಸಿಹಿ ನಾಲಿಗೆಯ ಮೇಲೆ ಕರಗುತ್ತಿದ್ದಾಗ ಅಸ್ಮಾಳಿಗೆ ಚಿಕ್ಕಜಾಲದ ಸರ್ಕಾರಿ ಶಾಲೆಯ ಅಂಗಳ ನೆನಪಾಯಿತು. ಎಂಟನೆಯ ತರಗತಿ. ಗೋಪಾಲಮ್ಮ ಟೀಚರು ರಟ್ಟಿನಲ್ಲಿ ಸೂಜಿತೂತು ಮಾಡಿ ಗ್ರಹಣದ ಸೂರ್ಯನನ್ನು ನೆಲದ ಮೇಲೆ ಬೀಳಿಸಿ, "ನಾನ್ ಹೇಳ್ದೆ ಅಂತ ನಂಬ್ಬೇಡ್ರೇ, ಬಗ್ಗಿ ನೋಡ್ರಿ" ಅಂದಿದ್ದರು. ಅವಳು ಬಗ್ಗಿ ನೋಡಿದ್ದಳು. ಅವತ್ತು ಬಗ್ಗಿದವಳು ಮತ್ತೆ ನೆಟ್ಟಗಾಗಿರಲಿಲ್ಲ. ಮದುವೆ, ಕೆಲಸ, ಆಗದ ಮಕ್ಕಳು, ಎಲ್ಲದರ ನಡುವೆ ಏನನ್ನೋ ಬಗ್ಗಿ ನೋಡುತ್ತಲೇ ಇದ್ದಳು.

ಆರು ನೂರು ಚಿತ್ರ ತೆಗೆದಳು. ಕಣ್ಣಿಗೆ ಏನೂ ಕಾಣಲಿಲ್ಲ. ಕ್ಯಾಮೆರಾದ ಪರದೆಯಲ್ಲೂ ಬೂದಿಯೇ. ಪಕ್ಕದ ತಾರಸಿಗಳ ಮೇಲೆ ಜನ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತಿದ್ದು, ಸೋತು, ಒಬ್ಬೊಬ್ಬರಾಗಿ ಇಳಿದುಹೋದರು. ಅವಳು ಲ್ಯಾಪ್‌ಟಾಪನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಚಿತ್ರಗಳನ್ನು ಅದಕ್ಕೆ ಉಣಿಸಿದಳು. ಹಸಿರು ಪಟ್ಟಿ ನಿಧಾನಕ್ಕೆ ತುಂಬಿತು. ಆಮೇಲೆ, ಬೂದಿಯ ನಡುವೆ, ಉಗುರಿನ ಅಂಚಿನಷ್ಟು ತೆಳ್ಳಗೆ, ಚಂದ್ರ. ಅಸ್ಮಾ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು. ಅಕ್ಬರಿ ಕುರ್ಚಿಯಿಂದ ಎದ್ದು ಬಂದು ಮುಖವನ್ನು ಪರದೆಗೆ ತಾಗುವಷ್ಟು ಹತ್ತಿರ ತಂದು, ಎರಡೂ ಕೈ ಎತ್ತಿ ದುವಾ ಹೇಳತೊಡಗಿದರು. ಸುಫಿಯಾನ್ ಹೆಬ್ಬಾಳದ ತನ್ನ ಸೀಟ್‌ಕವರ್ ಅಂಗಡಿ ಮುಚ್ಚಿ ಆಗಷ್ಟೇ ಬಂದು ಕೆಳಗೆ ಶರಬತ್ತು ಕುಡಿಯುತ್ತಿದ್ದವನು ಓಡಿ ಬಂದ. ಪರದೆಯ ಫೋಟೊ ಹೊಡೆದು, ಅವಳು ಬೇಡ ಅನ್ನುವುದರೊಳಗೆ, ಬೀದಿಯ ಗುಂಪಿಗೂ ನೆಂಟರ ಗುಂಪಿಗೂ ಕಳಿಸಿದ. ಬೇಡ ಅಂದಳೇ? ಆಮೇಲೆ ಎಷ್ಟೋ ಸಲ ಕೇಳಿಕೊಂಡಳು. ಅನ್ನಲಿಲ್ಲ. ಹೋಗಲಿ ಎಲ್ಲ ಕಡೆ ಎಂದು ಒಳಗೊಳಗೇ ಕುಣಿದಿದ್ದಳು.

ಹತ್ತು ನಿಮಿಷದಲ್ಲಿ ಮೆಹಬೂಬ್ ಪಾಷಾ ಬಂದರು. ಕಂಕುಳಲ್ಲಿ ಉದ್ದನೆಯ ರಿಜಿಸ್ಟರು. ನಲವತ್ತು ವರ್ಷ ಮರದ ಡಿಪೋ ನಡೆಸಿದ ಎತ್ತರದ ಮನುಷ್ಯ, ಈಗ ಸ್ವಲ್ಪ ಬಾಗಿದ್ದಾರೆ. ತಾರಸಿಗೆ ಹತ್ತಲಾರದೆ ಕೆಳಗಿನ ಕೋಣೆಯಲ್ಲೇ ಕೂತು, ಸುಫಿಯಾನ್ ಚಾಚಿದ ಫೋನಿನಲ್ಲಿ ಫೋಟೊವನ್ನು ಅದೇ ತೋಳುದ್ದ ದೂರದಿಂದ ನೋಡಿ ಕೆಳಗಿಟ್ಟರು. "ಮಿಷನ್ ನೋಡಿದ್ದು ಇದು. ನೀನು ಏನು ನೋಡ್ದೆ, ಅದು ಹೇಳು ಬೇಟಿ."

ಮನೆಯಲ್ಲಿ ದಖ್ಖನಿ ಉರ್ದುವೇ ಮಾತಾದರೂ ಸಿಟ್ಟು ಬಂದಾಗ ಅವಳು ಕನ್ನಡಕ್ಕೆ ತಿರುಗುತ್ತಿದ್ದಳು. ಅದು ಅವಳ ಪಾಠದ ಭಾಷೆ, ಅದರಲ್ಲಿ ಅವಳ ಬೆನ್ನು ನೆಟ್ಟಗಿರುತ್ತಿತ್ತು. "ನೋಡಿದ್ದಕ್ಕೇ ತಾನೆ ಚಾಚಾ ಫೋಟೊ ಬಂದಿರೋದು?"

"ಕಣ್ಣಲ್ಲಿ?"

ಫೋನು ಸುಫಿಯಾನನ ಮುಂದೆ ಇತ್ತು. ಈ ಸಲವೂ. ಕೇಳಿದ ಪ್ರಶ್ನೆ ತನಗೆ, ವಾಪಸು ಇಟ್ಟ ಫೋನು ಅವನಿಗೆ. ಆ ಒಂದು ಅಂಗುಲದ ಅಂತರ ಅವಳ ಕಿವಿಗಳನ್ನು ಬಿಸಿ ಮಾಡಿತು. ವೆಲ್ಡಿಂಗ್‌ನವರನ್ನು ಕೇಳುವಾಗ ಹೀಗೆ ಕೇಳಿದ್ದರೇ? ದಿನವಿಡೀ ಬೆಂಕಿಯ ಕಿಡಿ ನೋಡಿ ಕೆಂಪಗಾದ ಕಣ್ಣುಗಳನ್ನು ಯಾರಾದರೂ ಅನುಮಾನಿಸಿದರೇ?

"ಹೂಂ. ಕಣ್ಣಲ್ಲೇ. ನೋಡ್ದೆ" ಎಂದಳು.

ಸುಳ್ಳು ಅಷ್ಟು ಹಗುರಾಗಿ ಹೊರಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಚಿತ್ರ ನಿಜವಾದ ಮೇಲೆ ಕಣ್ಣು ಕಂಡರೇನು, ಕಾಣದಿದ್ದರೇನು ಎಂದು ಅದರ ಬೆನ್ನಿಗೇ ಒಂದು ಸಮಜಾಯಿಷಿಯೂ ಬಂತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಅಕ್ಬರಿ, "ನಾನೂ ನೋಡ್ದೆ ಭಾಯ್, ಇವಳ ಪಕ್ಕದಲ್ಲೇ ಇದ್ದೆ" ಅಂದರು. ಅತ್ತೆಯ ಮುಖದಲ್ಲಿ ಕಪಟದ ಗೆರೆಯೇ ಇರಲಿಲ್ಲ. ಅವರು ನೋಡಿದ್ದು ಪರದೆಯನ್ನು. ಅವರ ಪಾಲಿಗೆ ಅದೇ ಆಕಾಶ. ಮೆಹಬೂಬ್ ಪಾಷಾ ಒಬ್ಬರಿಂದ ಒಬ್ಬರಿಗೆ ಕಣ್ಣು ಹೊರಳಿಸಿ, ರಿಜಿಸ್ಟರು ಬಿಚ್ಚಿ, ತೊಡೆಯ ಮೇಲಿಟ್ಟುಕೊಂಡು ಉರ್ದುವಿನಲ್ಲಿ ಒಂದು ಸಾಲು ಬರೆದರು. "ಪಟ್ಟಣದ ಚಂದ್ರ ಕಮಿಟಿಗೆ ಫೋನ್ ಮಾಡಿ ಹೇಳ್ತೀನಿ" ಎಂದು ಎದ್ದರು. ಬರೆದುಕೊಂಡರು! ಅವಳಿಗೆ ಅಳು ಬರುವ ಹಾಗಾಯಿತು.

ತಾರಸಿಗೆ ವಾಪಸು ಹೋದದ್ದು ಸಾಮಾನು ಇಳಿಸಲು. ಪ್ರತಿ ಸಲ ಕೆಲಸ ಮುಗಿದ ಮೇಲೆ ದುರ್ಬೀನಿಗೆ ಮುಚ್ಚಳ ಹಾಕಿ ಮೂವತ್ತು ಕತ್ತಲೆಯ ಚಿತ್ರ ತೆಗೆಯುವುದು ಅವಳ ರೂಢಿ. ಕ್ಯಾಮೆರಾ ತಾನೇ ಸೇರಿಸುವ ಚುಕ್ಕೆಗಳ ಗದ್ದಲ ಎಷ್ಟಿದೆ ಎಂದು ತಿಳಿದು ಅದನ್ನು ಚಿತ್ರದಿಂದ ಕಳೆಯಲು. ಇವತ್ತು ಸಡಗರದಲ್ಲಿ ಬಿಟ್ಟುಹೋಗಿತ್ತು. ಮುಚ್ಚಳ ಒತ್ತಿದಳು, ಮೂವತ್ತು ತೆಗೆದಳು, ಅದೇ ತಂತ್ರಾಂಶಕ್ಕೆ ಕೊಟ್ಟಳು. ಹಸಿರು ಪಟ್ಟಿ ತುಂಬಿತು. ಕಪ್ಪು ಪರದೆಯ ಮೇಲೆ, ಉಗುರಿನ ಅಂಚಿನಷ್ಟು ತೆಳ್ಳಗೆ, ಚಂದ್ರ ಮೂಡಿದ.

ಮೊದಲು ಮುಚ್ಚಳ ಸಡಿಲವಾಗಿದೆ ಅಂದುಕೊಂಡಳು. ಗಟ್ಟಿಯಾಗಿ ಅದುಮಿ, ಮೇಲೆ ದುಪ್ಪಟ್ಟಾ ಸುತ್ತಿ ಮತ್ತೆ ತೆಗೆದಳು. ಮತ್ತೆ ಚಂದ್ರ. ಅದೇ ಓರೆ, ಅದೇ ಕೊಂಬು. ಬೆಳಿಗ್ಗೆ ಓದದೆ ಬಿಟ್ಟ ಪಟ್ಟಿಯನ್ನು ಈಗ ಒಂದೊಂದೇ ಓದಿದಳು. ಒಂಬತ್ತನೆಯ ಚೌಕ: ಚಿತ್ರದಲ್ಲಿ ಕಾಣೆಯಾದ ವಿವರವನ್ನು ದಿನಾಂಕ, ಸ್ಥಳ ಮತ್ತು ದಿಕ್ಕಿನ ನೆರವಿನಿಂದ ತುಂಬಿಕೊಡಲಾಗುವುದು. ದುರ್ಬೀನು ಎಲ್ಲಿಗೆ ಮುಖ ಮಾಡಿದೆ ಎಂದು ಅದಕ್ಕೆ ಗೊತ್ತು, ಅಲ್ಲಿ ಈ ಹೊತ್ತಿಗೆ ಚಂದ್ರ ಇರಬೇಕು ಎಂದೂ ಗೊತ್ತು. ಇರಬೇಕಾದದ್ದನ್ನು ಬರೆದು ಕೊಟ್ಟಿದೆ. ಆ ಚೌಕದ ಗುರುತು ತೆಗೆದು ಆರು ನೂರು ಚಿತ್ರಗಳನ್ನು ಮತ್ತೆ ಉಣಿಸಿದಳು. ಬೂದಿ. ಒಂದು ಮೂಲೆಯಲ್ಲಿ ಯಾವುದೋ ವಿಮಾನದ ಕೆಂಪು ಚುಕ್ಕೆ. ಮತ್ತೇನೂ ಇಲ್ಲ.

"ಅದು ಫೀಚರ್ ಮೇಡಂ, ತಪ್ಪಲ್ಲ" ಎಂದ ಯೋಗಾನಂದ ಫೋನಿನಲ್ಲಿ. ಹಿಂದೆ ಟೀವಿಯ ಸದ್ದು.

"ಮುಚ್ಚಳ ಹಾಕಿದ್ರೂ ಚಂದ್ರನ್ನ ತೋರ್ಸತ್ತೆ ಕಣ್ರೀ! ಮುಚ್ಚಳ!"

"ಮುಚ್ಚಳ ಹಾಕ್ಕೊಂಡು ಯಾರ್ ತೆಗೀತಾರೆ ಮೇಡಂ?" ಅವನು ನಕ್ಕ. "ಚಂದ್ರ ಅಲ್ಲಿ ಇರೋದು ನಿಜ ತಾನೆ? ಸುಳ್ಳೇನ್ ಬರ್ದಿಲ್ವಲ್ಲ ಅದು. ನಮ್ಮ ಗುಂಪಲ್ಲಿ ಎಲ್ರೂ ಆನ್ ಮಾಡೇ ಇಟ್ಟಿರ್ತಾರೆ. ನನ್ನ ಶನಿಗ್ರಹ ಮತ್ತೆಂಗ್ ಅಷ್ಟು ಚೆನ್ನಾಗ್ ಬಂತು ಅಂದ್ಕೊಂಡ್ರಿ?"

ಆ ಶನಿಗ್ರಹದ ಚಿತ್ರವನ್ನು ಅವಳು ತನ್ನ ತರಗತಿಯ ಗೋಡೆಗೆ ಅಂಟಿಸಿದ್ದಳು. ಉಂಗುರದ ನಡುವಿನ ಕಪ್ಪು ಸಂದನ್ನು ಕಡ್ಡಿಯಿಂದ ತೋರಿಸಿ, ನಮ್ಮ ಯೋಗಾನಂದ ಸರ್ ಹುಣಸಮಾರನಹಳ್ಳಿಯಿಂದ ಹಿಡಿದದ್ದು ಎಂದು ಹೇಳಿದ್ದಳು. ಫೋನು ಇಟ್ಟಳು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಮೈಯೆಲ್ಲ ಸುತ್ತಿತು. ಕೇಳದೆ ಗುರುತು ಹಾಕಿಟ್ಟ ಯಾವನೋ ಕಾಣದ ಮನುಷ್ಯನ ಮೇಲೆ; ನಗುವ ಯೋಗಾನಂದನ ಮೇಲೆ; ಕಣ್ಣಲ್ಲಿ ಎಂದು ಕೇಳಿದ ಮುದುಕನ ಮೇಲೆ. ಆದರೆ ಮುದುಕ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಅದೇ ಅವಳಿಗೆ ತಡೆಯಲಾಗಲಿಲ್ಲ. ತಂತ್ರಾಂಶ ಮೋಸ ಮಾಡಿತು ಅನ್ನಬಹುದು. ಕಣ್ಣಲ್ಲೇ ನೋಡಿದೆ ಎಂದು ಹೇಳಿದ್ದು ಯಾವ ಚೌಕದ ಗುರುತು? ಒಂದು ಬೀದಿ ಪೂರ್ತಿ ನಾಳೆಯ ಉಪವಾಸವನ್ನು ಬಿಡುತ್ತದೆ, ತನ್ನ ಒಂದು ಬಿಸಿ ಕಿವಿಯ ಕಾರಣಕ್ಕೆ.

ಸುಫಿಯಾನ್‌ಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಪರದೆ ನೋಡಿದ. "ಈಗ ಸುಮ್ನಿರು. ಎರಡು ಸಾವಿರ ಜನ ನೋಡಾಗಿದೆ. ಬೇರೆ ಊರಿಂದ ಸಾಕ್ಷಿ ಬಂದ್ರೆ ಬಂತು, ಇಲ್ದಿದ್ರೆ ಆಮೇಲೆ ನೋಡೋಣ."

"ಬೇರೆ ಊರಿಂದ ಬಂದ್ರೆ ನಾನು ನೋಡ್ದ ಹಾಗಾಗತ್ತಾ?"

"ನಿಂಗೆ ಗೆಲ್ಲೋದೂ ಬರಲ್ಲ ಅಸ್ಮಾ" ಎಂದ, ಬೇಸರದಿಂದ, ಪ್ರೀತಿಯಿಂದ ಕೂಡ. ಆ ಪ್ರೀತಿ ಅವಳನ್ನು ಇನ್ನಷ್ಟು ರೇಗಿಸಿತು. ಚಪ್ಪಲಿ ಮೆಟ್ಟಿ ಹೊರಟಳು.

ಬೀದಿ ಆಗಲೇ ಹಬ್ಬಕ್ಕೆ ತಿರುಗಿತ್ತು. ಶಾವಿಗೆಯ ಗಾಡಿಯ ಸುತ್ತ ಹೆಂಗಸರು, ಮೆಹೆಂದಿ ಕೋನುಗಳ ಬುಟ್ಟಿ, ದರ್ಜಿಯ ಅಂಗಡಿಯಲ್ಲಿ ಎರಡು ಮಿಷನ್ನುಗಳ ಓಟ. ಎದುರುಮನೆಯ ಮುನ್ನಿ ಕೈಹಿಡಿದು ನಿಲ್ಲಿಸಿ, "ಅಕ್ಕಾ, ನಿಮ್ಮ ಚಂದ್ರ ನನ್ನ ತಮ್ಮನಿಗೆ ದುಬೈಗೂ ಹೋಗಿದೆ" ಎಂದಳು. ನನ್ನ ಚಂದ್ರ ಅಲ್ಲ ಎಂದು ಹೇಳಲು ಬಾಯಿ ತೆರೆದಳು. ಆಗಲೇ ಮಸೀದಿಯ ಮೈಕು ಕೆಮ್ಮಿತು. ಬೇರೆ ಬೇರೆ ಊರುಗಳಿಂದ ಚಂದ್ರದರ್ಶನದ ಸಾಕ್ಷಿ ಬಂದಿದೆ, ನಾಳೆ ಈದ್. ಬೀದಿ ಒಂದೇ ಸಲ ಕೂಗಿತು. ಮುನ್ನಿ ಅವಳನ್ನು ತಬ್ಬಿಕೊಂಡಳು. "ನೋಡಿ, ನೀವು ಹೇಳಿದ್ದೇ ಆಯ್ತು!" ಅತ್ತಿಂದ ಯಾರೋ ಗಂಡಸು, "ಮೇಡಂ ಮಿಷನ್ ಸುಳ್ಳಾಡಲ್ಲ ಗುರು" ಎಂದ. ಅಸ್ಮಾ ಆ ಅಪ್ಪುಗೆಯೊಳಗೆ ಮರದ ಹಾಗೆ ನಿಂತಿದ್ದಳು. ಸಮಾಧಾನವಾಗಬೇಕಿತ್ತು. ಯಾರ ಉಪವಾಸವೂ ಕೆಡಲಿಲ್ಲ, ಎಲ್ಲ ಸರಿಹೋಯಿತು. ಸರಿಹೋದದ್ದೇ ಉಸಿರು ಕಟ್ಟಿಸಿತು. ತಪ್ಪು ತಪ್ಪಾಗಿಯಾದರೂ ಉಳಿದಿದ್ದರೆ ಅದನ್ನು ಎತ್ತಿ ತೋರಿಸಬಹುದಿತ್ತು. ಈಗ ಅದು ಎಲ್ಲರ ಸಂತೋಷದೊಳಗೆ ಕರಗಿ ಸತ್ಯದ ಹಾಗೇ ಕಾಣುತ್ತಿದೆ.

ಮಸೀದಿಯ ಗೇಟಿನ ಪಕ್ಕದ ಆಫೀಸು ಕೋಣೆಯಲ್ಲಿ ಮೆಹಬೂಬ್ ಪಾಷಾ ಒಬ್ಬರೇ ಕೂತು ಚಹಾ ಆರಿಸುತ್ತಿದ್ದರು. "ಬಾ ಬೇಟಿ, ಮುಬಾರಕ್. ಎಲ್ಲಾ ತಾಳೆ ಆಯ್ತು."

"ನಾನು ನೋಡ್ಲಿಲ್ಲ ಚಾಚಾ." ಬಾಗಿಲಲ್ಲೇ ನಿಂತು ಹೇಳಿದಳು. "ಕಣ್ಣಲ್ಲೂ ನೋಡ್ಲಿಲ್ಲ, ಕ್ಯಾಮೆರಾನೂ ನೋಡ್ಲಿಲ್ಲ. ಆ ಫೋಟೊ ಕಂಪ್ಯೂಟರ್ ಬರ್ದಿದ್ದು. ನಾನು ನಿಮ್ಗೆ ಸುಳ್ಳು ಹೇಳ್ದೆ. ನನ್ನ ಸಾಕ್ಷಿ ಹೊಡೆದು ಹಾಕಿ."

ಮುದುಕರು ಲೋಟ ಕೆಳಗಿಟ್ಟರು. ಸಿಟ್ಟಾಗುತ್ತಾರೆ ಎಂದು ಕಾದಳು. ಆಗಲಿ, ಬೈಯಲಿ, ಅದಕ್ಕೇ ಬಂದಿದ್ದಳು. ಅವರು ನಿಟ್ಟುಸಿರಿಟ್ಟು, "ಹೋಗ್ಲಿ ಬಿಡು. ಹಬ್ಬ ಆಯ್ತಲ್ಲ. ಮನೆಗೋಗು" ಎಂದರು.

"ಹೋಗ್ಲಿ ಅಂದ್ರೆ? ಪಟ್ಟಣಕ್ಕೆ ಹೇಳಿದೀರಾ. ಪುಸ್ತಕದಲ್ಲಿ ಬರ್ದಿದೀರಾ. ಹೊಡೆದು ಹಾಕಿ."

"ಬೇಡಾಮ್ಮ, ಅದರಲ್ಲಿ..." ಅವರ ಕೈ ರಿಜಿಸ್ಟರಿನ ಮೇಲೆ ಹೋಯಿತು, ತೆರೆಯಲು ಅಲ್ಲ, ಮುಚ್ಚಿಡಲು. ಅವಳು ಒಳಗೆ ಬಂದು ಅದನ್ನು ತನ್ನ ಕಡೆ ಎಳೆದುಕೊಂಡಳು. ತನ್ನ ಧೈರ್ಯಕ್ಕೆ ತಾನೇ ಬೆಚ್ಚಿದಳು. ಉರ್ದು ಅವಳಿಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಕೊನೆಯ ಸಾಲು. ಅಲಿಫ್‌ನಿಂದ ಶುರುವಾಗುವ ತನ್ನ ಹೆಸರನ್ನು ಹುಡುಕಿದಳು. ಇರಲಿಲ್ಲ. ಇದ್ದದ್ದು ಸೀನ್, ಫೇ, ಯೇ. ಮತ್ತೊಮ್ಮೆ ಕೂಡಿಸಿದಳು. ಸುಫಿಯಾನ್. ಚಂದ್ರನನ್ನು ಕಂಡವನು ಸುಫಿಯಾನ್, ವಾಸ ಕೊಡಿಗೇಹಳ್ಳಿ.

"ನೋಡೋ ಹೊತ್ತಲ್ಲಿ ಅವ್ನು ತಾರಸೀಲೇ ಇರ್ಲಿಲ್ಲ" ಎಂದಳು. ಧ್ವನಿ ತನ್ನದಲ್ಲ ಅನ್ನಿಸಿತು. "ಕೆಳಗೆ ಶರಬತ್ ಕುಡೀತಿದ್ದ."

"ಒಂದೇ ಮನೆ ಅಲ್ವಾಮ್ಮ. ನೀವಿಬ್ಬರು ಹೆಂಗಸ್ರು, ಅವನು ಮನೆ ಯಜಮಾನ. ಬರೆಯೋ ಪದ್ಧತಿ ಇರೋದೇ ಹಂಗೆ. ಅವನು ನೋಡಿರ್ತಾನೆ ಅಂದ್ಕೊಂಡೆ."

ಹೊರಗೆ ಯಾರೋ ಯಾರನ್ನೋ ಮುಬಾರಕ್ ಎಂದು ಕೂಗುತ್ತಿದ್ದರು. ಅಸ್ಮಾಳಿಗೆ ನಗು ಬಂತು, ಅದು ಅರ್ಧಕ್ಕೆ ಒಡೆದು ಬೇರೇನೋ ಆಯಿತು. ಬೀದಿಯುದ್ದಕ್ಕೂ ಎದೆಯ ಮೇಲೆ ಕಲ್ಲಿನ ಹಾಗೆ ಹೊತ್ತು ತಂದ ಸುಳ್ಳು ಇಲ್ಲಿ ಇರಲೇ ಇಲ್ಲ. ಅದನ್ನು ಹೇಳಿದ ಕ್ಷಣದಲ್ಲೇ ಅವಳಿಂದ ತೆಗೆದು ಬೇರೆಯವನ ಹೆಸರಿಗೆ ಇಟ್ಟಿದ್ದರು. ಸತ್ಯ ಹೇಳಿದ್ದರೂ ಅಲ್ಲಿಗೇ ಹೋಗುತ್ತಿತ್ತು. ಆರು ವರ್ಷದ ಚೀಟಿಗಳು ಹೋದ ದಾರಿಯಲ್ಲೇ. ತಪ್ಪೊಪ್ಪಿಕೊಳ್ಳುವುದಕ್ಕೂ ಒಂದು ಜಾಗ ಬೇಕಲ್ಲ, ಆ ಜಾಗವನ್ನೂ ಕೊಟ್ಟಿಲ್ಲ ಇವರು.

"ಪೆನ್ನು ಕೊಡಿ."

"ಪುಸ್ತಕ ಕೆಡಿಸ್ಬೇಡ ಬೇಟಿ. ಮೂವತ್ತು ವರ್ಷದ್ದು ಅದು."

"ಮೂವತ್ತು ವರ್ಷದಲ್ಲಿ ಯಾರ್ಯಾರು ನಿಜವಾಗಿ ನೋಡಿದ್ರು ಚಾಚಾ, ನಿಮ್ಗೆ ಗೊತ್ತಾ?"

ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಅವಳನ್ನು ನೋಡಿದರು. ತೋಳುದ್ದ ದೂರದಿಂದಲ್ಲ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮೇಜಿನ ಆ ಕಡೆಯಿಂದ ಸ್ವಲ್ಪ ಮುಂದೆ ಬಾಗಿ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಅವಳು ಸುಫಿಯಾನನ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಅದರ ಕೆಳಗೆ, ಬಲದಿಂದ ಬಂದ ಸಾಲುಗಳ ಕೆಳಗೆ, ಎಡದಿಂದ ಕನ್ನಡದಲ್ಲಿ ಬರೆಯತೊಡಗಿದಳು.

"ಕನ್ನಡದಲ್ಲಿ ಬರೆದ್ರೆ ಓದೋರ್ಯಾರಮ್ಮ ಇದನ್ನ?"

"ನೀವು ಓದ್ತೀರಲ್ಲ."

ಅಸ್ಮಾ. ಚಂದ್ರನನ್ನು ನೋಡಿಲ್ಲ.

ಅಷ್ಟೇ ಬರೆದಳು. ಅಕ್ಬರಿಯ ನೆನಪಾಗಿ ಪೆನ್ನು ಒಂದು ಕ್ಷಣ ತಡೆಯಿತು. ಪುಸ್ತಕದಲ್ಲಿ ಅತ್ತೆಯೂ ಇರಲಿಲ್ಲ, ಹೊಡೆದು ಹಾಕುವುದಕ್ಕೂ. ಅವರಿಗೆ ಮನೆಯಲ್ಲಿ ಹೇಳಬೇಕು, ಪಕ್ಕದಲ್ಲಿ ಕೂತು, ಇವತ್ತೇ. ದುವಾಕ್ಕೆ ಎತ್ತಿದ ಆ ಕೈಗಳನ್ನು ನೆನೆದಾಗ ಅವಳ ಸಿಟ್ಟಿನ ಅಡಿಯಲ್ಲಿ ಏನೋ ಕುಸಿಯಿತು. ಆದರೂ ಸಿಟ್ಟು ಹಾಗೇ ನಿಂತಿತ್ತು, ಸ್ವಚ್ಛವಾಗಿ. ಪೆನ್ನು ವಾಪಸು ಚಾಚಿದಳು.

ಮೆಹಬೂಬ್ ಪಾಷಾ ತೆಗೆದುಕೊಳ್ಳಲಿಲ್ಲ. ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿ, ಬೆರಳಿಟ್ಟು, ಮೂರೂ ಪದಗಳನ್ನು ತುಟಿ ಅಲ್ಲಾಡಿಸುತ್ತ ಓದಿದರು. ಮತ್ತೆ ಅವಳ ಕಡೆ ತಿರುಗಿಸಿಟ್ಟರು.

"ಹೊತ್ತು ಬರಿ" ಎಂದರು. "ಎಷ್ಟು ಗಂಟೆಗೆ ನೋಡಿ ಕಾಣ್ಲಿಲ್ಲ, ಅದೂ ಬರಿ. ಹೊತ್ತಿಲ್ದೆ ಸಾಕ್ಷಿ ಆಗಲ್ಲ."